ಮರಳು ಮೆತ್ತಿದ ಕ್ಯಾಮೆರಾ: ಒರೆಸುವ ಮೊದಲು

ಮಲ್ಪೆ, ಗೋಕರ್ಣ, ಕಾರವಾರದ ಕಡಲತೀರಕ್ಕೆ ಪ್ರವಾಸ ಹೊರಟ ವಿದ್ಯಾರ್ಥಿಗಳ ಕೈಯಲ್ಲಿ ಕ್ಯಾಮೆರಾ ಇರುವುದು ಸಾಮಾನ್ಯ. ಅನೇಕ ವೇಳೆ ಅದು ಕಾಲೇಜಿನದೋ, ಬಂಧುಗಳಿಂದ ಕೇಳಿ ತಂದದ್ದೋ ಆಗಿರುತ್ತದೆ. ಮಸೂರದ ಮೇಲೆ ಮರಳು ಕಂಡ ಕೂಡಲೇ ಕರವಸ್ತ್ರದಿಂದ ಒರೆಸಿಬಿಡುತ್ತೇವೆ. ಮರಳು ಬಿದ್ದುದಕ್ಕಿಂತ ಹೆಚ್ಚಿನ ಹಾನಿ ಆಗುವುದು ಈ ಒರೆಸುವಿಕೆಯಿಂದಲೇ. ಇದಕ್ಕೆ ಕಾರಣವೇನು?

ಮರಳಿನಲ್ಲಿ ಹೆಚ್ಚಾಗಿರುವುದು ಬೆಣಚುಕಲ್ಲಿನ ಕಣಗಳು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಗುರುತಿಸುವ ಕ್ರಮವನ್ನು ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದರು. ಅದರಲ್ಲಿ ವಜ್ರದ ಅಂಕ 10, ಬೆಣಚುಕಲ್ಲಿನದು 7, ಸಾಧಾರಣ ಗಾಜಿನದು ಸುಮಾರು 5.5. ಹೆಚ್ಚು ಗಡಸಾದದ್ದು ಕಡಿಮೆ ಗಡಸಾದದ್ದನ್ನು ಗೀರುತ್ತದೆ. ಮಸೂರದ ಮೇಲೆ ಬೆಳಕಿನ ಪ್ರತಿಫಲನವನ್ನು ತಗ್ಗಿಸುವ ಲೇಪನವೂ ಇರುತ್ತದೆ. ಅದರ ಒಂದು ಪದರದ ದಪ್ಪ ಸುಮಾರು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ ಮಾತ್ರ. ಬೇಡವಾದ ಗಾಜಿನ ಸೀಸೆಯೊಂದನ್ನು ಚಿಟಿಕೆ ಮರಳಿಟ್ಟು ಬಟ್ಟೆಯಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ಮಸೂರದ ಗತಿ ತಿಳಿಯುತ್ತದೆ.

ಎರಡನೆಯ ಶತ್ರು ಉಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಲೆಯ ತುಂತುರು ಆರಿದರೂ ಉಪ್ಪು ಉಳಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ನ್ನು ಮೀರಿದಾಗ ಅದು ತೇವವನ್ನು ಹೀರಿ ಮತ್ತೆ ದ್ರವವಾಗುತ್ತದೆ. ತಿರುಪು ಮೊಳೆಗಳನ್ನೂ ಬ್ಯಾಟರಿಯ ಲೋಹದ ತುದಿಗಳನ್ನೂ ತಿನ್ನತೊಡಗುತ್ತದೆ.

ತೀರದಲ್ಲಿ

ಮಸೂರದ ಮುಂದೆ ಸಾದಾ ಫಿಲ್ಟರ್ ಹಾಕಿಕೊಳ್ಳಿ. ಗೀರು ಬಿದ್ದರೆ ಅದನ್ನಷ್ಟೇ ಬದಲಿಸಿದರಾಯಿತು. ಚಿತ್ರ ತೆಗೆಯದಿರುವಾಗ ಕ್ಯಾಮೆರಾ ಪ್ಲಾಸ್ಟಿಕ್ ಚೀಲದಲ್ಲಿರಲಿ. ಚೀಲವನ್ನು ಮರಳಿನ ಮೇಲಿಡಬೇಡಿ. ಮಸೂರ, ಬ್ಯಾಟರಿ, ಮೆಮೊರಿ ಕಾರ್ಡ್‌ಗಳನ್ನು ಅಲ್ಲಿ ಬದಲಿಸಬೇಡಿ.

ಸ್ವಿಚ್ ಒತ್ತಿದಾಗ ಮಸೂರದ ಕೊಳವೆ ಒಳಹೊರಗೆ ಸರಿಯುವ ಕ್ಯಾಮೆರಾ ಮರಳಿಗೆ ಬಿದ್ದರೆ, ಕೂಡಲೇ ಆರಿಸಬೇಡಿ. ಕೊಳವೆ ಒಳಸರಿಯುವಾಗ ಮರಳನ್ನೂ ಎಳೆದೊಯ್ಯುತ್ತದೆ. ಮೊದಲು ಮಸೂರವನ್ನು ಕೆಳಮುಖವಾಗಿ ಹಿಡಿದು ಮರಳನ್ನು ಉದುರಿಸಿ.

ಮನೆಗೆ ಬಂದ ಮೇಲೆ

ಮರಳಿಗೆ ಗಾಳಿ, ಉಪ್ಪಿಗೆ ನೀರು, ಕೊನೆಗೆ ಒರೆಸುವುದು: ಈ ಕ್ರಮ ತಪ್ಪಬಾರದು. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬಲ್ಬನ್ನು ಒತ್ತಿ ಗಾಳಿ ಊದಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಗುಂಡಿಗಳ ಸಂದಿನಲ್ಲಿ ಉಳಿದ ಕಣಗಳನ್ನು ಮೆತ್ತನೆಯ ಒಣ ಕುಂಚದಿಂದ ಹೊರಕ್ಕೆ ತಳ್ಳಿ. ಮರಳೆಲ್ಲ ಹೋದ ಬಳಿಕ, ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹೊರಮೈಯನ್ನು ಒರೆಸಿ. ಬಳಿಕ ಒಣಬಟ್ಟೆಯಿಂದ ತೇವ ತೆಗೆಯಿರಿ. ಮಸೂರಕ್ಕೆ ಮತ್ತೊಮ್ಮೆ ಗಾಳಿ ಊದಿ, ಅದಕ್ಕೆಂದೇ ಇರುವ ಬಟ್ಟೆಗೆ ಒಂದು ಹನಿ ಶುದ್ಧಿದ್ರಾವಣ ಹಾಕಿ, ನಡುವಿನಿಂದ ಅಂಚಿನತ್ತ ಹಗುರವಾಗಿ ಒರೆಸಿ. ಟ್ರೈಪಾಡ್ ಕಾಲುಗಳನ್ನು ತೊಳೆದು, ಬಿಡಿಸಿಟ್ಟು ಒಣಗಿಸಿ.

ಮೊಬೈಲ್ ಫೋನಿಗೂ ಇದೇ ಕ್ರಮ. ಅದರ ಸಣ್ಣ ರಂಧ್ರಗಳಿಗೆ ಸೂಜಿ ಚುಚ್ಚಬೇಡಿ.

ಮಸೂರದ ಬಳೆಯನ್ನು ತಿರುಗಿಸುವಾಗ ಕರಕರ ಶಬ್ದ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ರಿಪೇರಿ ಬಲ್ಲವರಿಗೆ ಕೊಡಿ. ಒಳಗಿನ ಸಂವೇದಕವನ್ನು ಮುಟ್ಟುವ ಸಾಹಸ ಬೇಡ. ಕರವಸ್ತ್ರಕ್ಕೆ ಕೈಹಾಕುವ ಮೊದಲು ಒಂದು ನಿಮಿಷ ಗಾಳಿ ಊದುವ ತಾಳ್ಮೆಯಿದ್ದರೆ, ಎರವಲು ತಂದ ಕ್ಯಾಮೆರಾವನ್ನು ತಂದ ಹಾಗೆಯೇ ಹಿಂದಿರುಗಿಸಬಹುದು.