ಭಾನುವಾರ ಬೆಳಿಗ್ಗೆ ಅರವತ್ತು ಮನೆ: ಬೆಂಗಳೂರಿನ ಹೊರವಲಯದ ಒಂದು ಸಣ್ಣ ಕನ್ನಡ ಸಭೆ ಹೇಗೆ ನಡೆಯುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಚರ್ಚ್ ಅಂದ ತಕ್ಷಣ ಬೆಂಗಳೂರಿನವರ ಕಣ್ಣ ಮುಂದೆ ಬರೋದು ಶಿವಾಜಿನಗರದ ಸೇಂಟ್ ಮೇರೀಸ್, ಇಲ್ಲಾಂದ್ರೆ ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್. ನಾವಿವತ್ತು ಮಾತಾಡ್ತಿರೋದು ಅವುಗಳ ಬಗ್ಗೆ ಅಲ್ಲ. ಕೆಂಗೇರಿ, ಯಲಹಂಕ, ಕೆ.ಆರ್. ಪುರದಂಥ ಕಡೆ, ಬಡಾವಣೆಯ ಎರಡನೇ ಅಡ್ಡರಸ್ತೆಯಲ್ಲಿ, ಪಕ್ಕದಲ್ಲೊಂದು ಹಿಟ್ಟಿನ ಗಿರಣಿ, ಎದುರಿಗೊಂದು ಕಾಂಡಿಮೆಂಟ್ಸ್ ಇಟ್ಟುಕೊಂಡು ನಿಂತಿರುತ್ತಲ್ಲ, ಅಂಥ ಒಂದು ಸಣ್ಣ ಕನ್ನಡ ಸಭೆಯ ಬಗ್ಗೆ. ಐವತ್ತು ಅರವತ್ತು ಮನೆಯವರ ಸಭೆ ಅಂತ ಇಟ್ಟುಕೊಳ್ಳಿ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಕ್ರೈಸ್ತರು ಅಂದ್ರೆ ಎಲ್ಲರೂ ಒಂದೇ ಪಂಗಡ ಅಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ಅಂದ್ರೆ ಶೇಕಡಾ ಎರಡಕ್ಕೂ ಕಡಿಮೆ. ಅಷ್ಟರಲ್ಲೇ ಕಥೋಲಿಕರು, ಸಿಎಸ್‌ಐನವರು, ಮೆಥೋಡಿಸ್ಟರು, ಪೆಂಟೆಕೋಸ್ಟ್ ಸಭೆಗಳು ಅಂತ ಹಲವು ಕವಲು. ಮಾತಿನಲ್ಲೇ ವ್ಯತ್ಯಾಸ ಗೊತ್ತಾಗುತ್ತೆ. ಕಥೋಲಿಕರು ‘ಬಲಿಪೂಜೆ’ ಅಂತಾರೆ, ‘ಶುಭಸಂದೇಶ’ ಅಂತಾರೆ, ಫಾದರ್ ಅಂತಾರೆ. ಸಿಎಸ್‌ಐನವರು ‘ಆರಾಧನೆ’, ‘ಸುವಾರ್ತೆ’, ‘ಸಭಾಪಾಲಕರು’ ಅಂತಾರೆ. ಹಿರಿಯರ ಬಾಯಲ್ಲಿ ಸಭಾಪಾಲಕರು ಇವತ್ತಿಗೂ ‘ಅಯ್ಯನವರು’. ಅವರ ಹೆಂಡತಿ ‘ಅಮ್ಮನವರು’.

ಸಿಎಸ್‌ಐ ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ. ಸ್ವಾತಂತ್ರ್ಯ ಬಂದು ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ್ದು. ಆಂಗ್ಲಿಕನ್, ಬ್ರಿಟಿಷ್ ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಹೀಗೆ ಬೇರೆ ಬೇರೆ ಮಿಶನ್ನಿನವರು ಕಟ್ಟಿದ ಸಭೆಗಳು ಒಂದಾದವು. ಬಿಷಪ್ಪರನ್ನು ಒಪ್ಪುವವರೂ ಒಪ್ಪದವರೂ ಒಂದೇ ಸೂರಿನಡಿ ಬಂದಿದ್ದು ಆಗ ಜಗತ್ತಿಗೇ ಸುದ್ದಿ. ಕರ್ನಾಟಕದಲ್ಲಿ ಈಗ ಇದಕ್ಕೆ ಬೆಂಗಳೂರು, ಮಂಗಳೂರು, ಧಾರವಾಡ ಕೇಂದ್ರವಾಗಿ ಮೂರು ಸಭಾಪ್ರಾಂತಗಳಿವೆ.

ಈ ಒಗ್ಗೂಡುವಿಕೆಯ ಒಂದು ಗುರುತು ಪ್ರತಿ ಕರ್ತನ ಭೋಜನದ ಆರಾಧನೆಯಲ್ಲಿ ಕಾಣುತ್ತೆ. 1950ರಲ್ಲಿ ಬಂದ ಸಿಎಸ್‌ಐ ಆರಾಧನಾ ಕ್ರಮದಲ್ಲಿ ‘ಸಮಾಧಾನ’ವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಇದೆ. ಸಭಾಪಾಲಕರು ಶುರು ಮಾಡಿದ್ದು ಸಾಲಿನಿಂದ ಸಾಲಿಗೆ ಹೋಗಿ ಕೊನೇ ಬೆಂಚಿನವರೆಗೂ ಮುಟ್ಟುತ್ತೆ. ಕೇರಳದ ಸಿರಿಯನ್ ಕ್ರೈಸ್ತರ ಸಂಪ್ರದಾಯದಿಂದ ಪಡೆದದ್ದು ಇದು. ಆಮೇಲೆ ವಿದೇಶದ ಚರ್ಚುಗಳೂ ಇದನ್ನು ಗಮನಿಸಿ ಅಳವಡಿಸಿಕೊಂಡವು. ಅರವತ್ತು ಮನೆಯ ಸಭೆಯಲ್ಲಿ ಇದಕ್ಕೆ ಬೇರೆಯೇ ಅರ್ಥ ಬರುತ್ತೆ ನೋಡಿ. ಕಳೆದ ವಾರ ಕಮಿಟಿ ಮೀಟಿಂಗಿನಲ್ಲಿ ಜಗಳ ಆಡಿದವರೇ ಪಕ್ಕದಲ್ಲಿ ಕೂತಿರ್ತಾರೆ. ದೊಡ್ಡ ಚರ್ಚಿನಲ್ಲಾದರೆ ಇನ್ನೊಂದು ಬಾಗಿಲಿಂದ ಆಚೆ ಹೋಗಬಹುದು. ಇಲ್ಲಿ ಇರೋದೇ ಒಂದು ಬಾಗಿಲು.

ಜಗಳ ಯಾತಕ್ಕೆ? ಹೆಚ್ಚಾಗಿ ದುಡ್ಡಿಗೆ, ಮತ್ತೆ ಕಮಿಟಿ ಚುನಾವಣೆಗೆ. ಸಭೆಯ ಸದಸ್ಯರು ತಿಂಗಳ ಚಂದಾ ಕೊಡ್ತಾರೆ. ಚಂದಾ ಬಾಕಿ ಇದ್ದರೆ ಓಟು ಹಾಕೋ ಹಕ್ಕಿಗೆ ತೊಡಕು. ಭಾನುವಾರದ ಕಾಣಿಕೆ, ಹುಟ್ಟುಹಬ್ಬ ಮದುವೆ ದಿನಗಳ ಸ್ತೋತ್ರ ಕಾಣಿಕೆ ಇದರ ಮೇಲೆ. ಇದರಲ್ಲಿ ಒಂದು ಪಾಲು ಸಭಾಪ್ರಾಂತಕ್ಕೆ ಹೋಗಬೇಕು. ಸಭಾಪಾಲಕರನ್ನು ಕಳಿಸೋದೂ ಕೆಲವು ವರ್ಷಕ್ಕೊಮ್ಮೆ ವರ್ಗ ಮಾಡೋದೂ ಸಭಾಪ್ರಾಂತವೇ. ಸಣ್ಣ ಸಭೆಗೆ ಎಷ್ಟೋ ಸಲ ಪೂರ್ತಿ ಒಬ್ಬ ಅಯ್ಯನವರು ಸಿಗಲ್ಲ, ಎರಡು ಮೂರು ಸಭೆಗೆ ಒಬ್ಬರೇ. ಬೆಳಿಗ್ಗೆ ಏಳಕ್ಕೆ ಇಲ್ಲಿ ಆರಾಧನೆ ಮುಗಿಸಿ, ಹತ್ತಕ್ಕೆ ಇನ್ನೊಂದು ಕಡೆ ಓಡಬೇಕು. ಹಾಗಾಗಿ ಸಭೆಯನ್ನು ನಿಜವಾಗಿ ಎಳೆದುಕೊಂಡು ಹೋಗೋದು ಯಾರು ಅಂದ್ರೆ ಸ್ತ್ರೀಯರ ಅನ್ಯೋನ್ಯ ಕೂಟದವರು. ಆಸ್ಪತ್ರೆಯಲ್ಲಿರೋರನ್ನ ನೋಡಿ ಬರೋದು, ವಾರದ ಮಧ್ಯೆ ಮನೆ ಪ್ರಾರ್ಥನೆ, ಸಂಡೇ ಸ್ಕೂಲು, ಕ್ರಿಸ್ಮಸ್ಸಿಗೆ ಕಲ್‌ಕಲ್ ಕರಿಯೋದು, ಎಲ್ಲ ಅವರದ್ದೇ. ಸಿಎಸ್‌ಐ 1976ರಲ್ಲೇ ಹೆಂಗಸರಿಗೆ ಸಭಾಪಾಲಕರ ದೀಕ್ಷೆ ಕೊಟ್ಟಿತು, 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು ಮೊದಲ ಮಹಿಳಾ ಬಿಷಪ್ ಆದರು. ಆದರೂ ಕಮಿಟಿಯ ಖಜಾಂಚಿ ಕುರ್ಚಿ ಅಂದ್ರೆ ಬಹಳ ಕಡೆ ಗಂಡಸರದ್ದೇ, ಅದು ಬೇರೆ ಮಾತು.

ದುಡ್ಡಿನ ವಿಷಯಕ್ಕೆ ಬಂದರೆ ಸುಗ್ಗಿ ಹಬ್ಬದ ಹರಾಜನ್ನು ಹೇಳಲೇಬೇಕು. ಹಿಂದೆ ಹಳ್ಳಿ ಸಭೆಗಳಲ್ಲಿ ಮೊದಲ ಬೆಳೆ ತಂದು ದೇವರ ಮುಂದೆ ಇಡುತ್ತಿದ್ದರು. ಈಗ ಬಡಾವಣೆಯಲ್ಲಿ ಹೊಲ ಎಲ್ಲಿದೆ? ಶನಿವಾರ ಮಾರ್ಕೆಟ್ಟಿಗೆ ಹೋಗಿ ಕುಂಬಳಕಾಯಿ, ಬಾಳೆಗೊನೆ, ಕಬ್ಬು ತರ್ತಾರೆ. ಮನೆಯಿಂದ ಕೇಕು, ಉಪ್ಪಿನಕಾಯಿ. ಯಾರೋ ಒಬ್ಬರು ಕೋಳಿ ತರ್ತಾರೆ. ನೂರು ರೂಪಾಯಿ ಕುಂಬಳಕಾಯಿ ಎರಡು ಸಾವಿರಕ್ಕೆ ಹೋಗುತ್ತೆ. ತಗೊಂಡವರು ಅದನ್ನೇ ವಾಪಸ್ ಕೊಟ್ಟು ಮತ್ತೆ ಹರಾಜಿಗೆ ಇಡಿಸ್ತಾರೆ. ಲೆಕ್ಕದ ಪ್ರಕಾರ ಇದೊಂದು ನಿಧಿ ಸಂಗ್ರಹ. ನೋಡಿದರೆ ಜಾತ್ರೆ. ಆ ವರ್ಷ ಛಾವಣಿ ರಿಪೇರಿ ಆಗುತ್ತೋ ಇಲ್ಲವೋ ಅನ್ನೋದು ಆ ಮಧ್ಯಾಹ್ನ ತೀರ್ಮಾನ ಆಗುತ್ತೆ.

ಈಗ ಕಷ್ಟದ ವಿಷಯ. ಕನ್ನಡ. ಬೆಂಗಳೂರಿನ ಸಿಎಸ್‌ಐನಲ್ಲಿ ಸಭೆಗಳು ಭಾಷೆವಾರು ಇವೆ: ಇಂಗ್ಲಿಷ್, ತಮಿಳು, ಕನ್ನಡ, ತೆಲುಗು, ಮಲಯಾಳಂ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸ್ಮಾರಕ ಚರ್ಚು ಕನ್ನಡದ ಹಳೇ ಸಭೆ. ಹೊರವಲಯದ ಸಣ್ಣ ಸಭೆಗಳಲ್ಲಿ ಮಕ್ಕಳು ಓದೋದು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡ್ತಾರೆ, ಆದರೆ ಸತ್ಯವೇದದ ಕನ್ನಡ ಓದಲು ತಡವರಿಸುತ್ತಾರೆ. ಆ ಭಾಷೆಯೂ ಸುಲಭದ್ದಲ್ಲ, ಹತ್ತೊಂಬತ್ತನೇ ಶತಮಾನದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರು ಶುರು ಮಾಡಿದ ಅನುವಾದದ ಛಾಯೆ ಇನ್ನೂ ಇದೆ. ಗೀತೆಗಳಲ್ಲಿ ಕೆಲವಕ್ಕೆ ಜರ್ಮನ್, ಇಂಗ್ಲಿಷ್ ರಾಗ, ಕೆಲವಕ್ಕೆ ನಮ್ಮದೇ ರಾಗ ತಾಳ. ಈಗ ಗೋಡೆ ಮೇಲೆ ಪ್ರೊಜೆಕ್ಟರಿನಲ್ಲಿ ಕನ್ನಡ ಹಾಡನ್ನೇ ಇಂಗ್ಲಿಷ್ ಅಕ್ಷರದಲ್ಲಿ ತೋರಿಸ್ತಾರೆ. ಮುಂದಿನ ಹೆಜ್ಜೆ ತಿಂಗಳಿಗೊಂದು ಇಂಗ್ಲಿಷ್ ಆರಾಧನೆ. ಅದರ ಮುಂದಿನದು ಏನು ಅನ್ನೋದೇ ಕಮಿಟಿಗಳಲ್ಲಿ ಈಗಿನ ವಾದ.

ಇಂಗ್ಲಿಷಿಗೆ ಹೋದರೆ ಹುಡುಗರು ಉಳೀತಾರೆ ಅನ್ನೋರ ಮಾತಿನಲ್ಲಿ ಅರ್ಧ ಸತ್ಯ ಇದೆ. ಇನ್ನರ್ಧ ಅವರ ಲೆಕ್ಕಕ್ಕೆ ಬರ್ತಿಲ್ಲ. ಕನ್ನಡ ಸಭೆಗೆ ಹೊಸಬರು ಬರ್ತಾನೇ ಇದ್ದಾರೆ. ಕೋಲಾರ, ಚಾಮರಾಜನಗರ, ರಾಯಚೂರು ಕಡೆಯಿಂದ ಗಾರ್ಮೆಂಟ್ಸ್, ಸೆಕ್ಯುರಿಟಿ, ನರ್ಸಿಂಗ್ ಕೆಲಸಕ್ಕೆ ಬಂದವರು. ಇಂಗ್ಲಿಷ್ ಆದರೆ ಕಳೆದುಕೊಳ್ಳೋದು ಇವರನ್ನ, ಜೊತೆಗೆ ಅಜ್ಜಿಯರನ್ನ. ಇವರಲ್ಲಿ ಅನೇಕರು ದಲಿತ ಹಿನ್ನೆಲೆಯವರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನಮಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೂ ಇದೆ, ಕ್ರೈಸ್ತರಿಗಿಲ್ಲ. ಆದ್ದರಿಂದ ಕೆಲವರಿಗೆ ದಾಖಲೆಯಲ್ಲೊಂದು ಹೆಸರು, ಸಭೆಯಲ್ಲೊಂದು ಹೆಸರು. ಹಳೇ ಕುಟುಂಬಗಳು ಮುಂದಿನ ಬೆಂಚಲ್ಲಿ, ಇವರು ಹಿಂದಿನ ಬೆಂಚಲ್ಲಿ ಕೂರೋದನ್ನ ಸಭೆಯವರು ಗಮನಿಸಿಲ್ಲ ಅಂತೇನಲ್ಲ. ಜೋರಾಗಿ ಮಾತಾಡೋದು ಕಡಿಮೆ ಅಷ್ಟೆ.

ಇನ್ನು ಬಿಟ್ಟು ಹೋಗೋರ ಕಥೆ ಸ್ವಾರಸ್ಯವಾಗಿದೆ. ಯುವಕರು ಹಲವರು ಭಾನುವಾರ ಬ್ಯಾಂಡು, ಲೈಟು ಇರೋ ದೊಡ್ಡ ಸ್ವತಂತ್ರ ಚರ್ಚುಗಳಿಗೆ ಹೋಗ್ತಾರೆ. ಆದರೆ ಅಪ್ಪ ಅಮ್ಮನ ಸಭೆಯಲ್ಲಿ ಹೆಸರು ತೆಗೆಸಲ್ಲ, ಚಂದಾ ಕಟ್ಟುತ್ತಲೇ ಇರ್ತಾರೆ. ಯಾಕೆ? ದೀಕ್ಷಾಸ್ನಾನದ ದಾಖಲೆ, ಮದುವೆ, ಮಣ್ಣು. ಮದುವೆಗೆ ಮುಂಚೆ ಸಭೆಯಲ್ಲಿ ಮೂರು ಭಾನುವಾರ ಪ್ರಕಟಣೆ ಓದಬೇಕು, ಯಾರದ್ದಾದರೂ ಆಕ್ಷೇಪಣೆ ಇದೆಯಾ ಅಂತ. ಇನ್ನು ಸ್ಮಶಾನ. ಬೆಂಗಳೂರಿನ ಹಳೇ ಕ್ರೈಸ್ತ ಸ್ಮಶಾನಗಳಲ್ಲಿ ಜಾಗ ಇಲ್ಲ. ಮನೆಯವರ ಹಳೇ ಸಮಾಧಿಯನ್ನೇ ತೆರೆದು ಮತ್ತೊಬ್ಬರನ್ನು ಮಲಗಿಸೋದು ಸಾಮಾನ್ಯವಾಗಿದೆ. ಅದಕ್ಕೆ ಸಭಾಪಾಲಕರ ಪತ್ರ ಬೇಕು, ಪತ್ರಕ್ಕೆ ಸದಸ್ಯತ್ವ ಬೇಕು.

ರಾತ್ರಿ ಎರಡಕ್ಕೆ ಸಾವಿನ ಫೋನು ಬಂದರೆ ವಾಟ್ಸ್‌ಆಪ್ ಗ್ರೂಪಿನಲ್ಲಿ ಸುದ್ದಿ ಹೋಗುತ್ತೆ. ಬೆಳಕು ಹರಿಯೋ ಹೊತ್ತಿಗೆ ಅನ್ಯೋನ್ಯ ಕೂಟದ ನಾಲ್ಕು ಜನ ಆ ಮನೆಯಲ್ಲಿರ್ತಾರೆ, ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ತಂದಿರ್ತಾರೆ, ಇನ್ನೊಬ್ಬರು ಪೆಟ್ಟಿಗೆ ಮಾಡೋರಿಗೆ ಫೋನ್ ಹಚ್ಚಿರ್ತಾರೆ. ಆ ಮನೆಯವರು ಎಷ್ಟು ತಿಂಗಳಿಂದ ಆರಾಧನೆಗೆ ಬಂದಿರಲಿಲ್ಲ ಅನ್ನೋ ಮಾತು ಆವತ್ತು ಬರಲ್ಲ. ವಾರ ಕಳೆದ ಮೇಲೆ ಬರುತ್ತೆ, ಖಂಡಿತ ಬರುತ್ತೆ.