ಇಳಿಜಾರಿನ ಹುಲ್ಲು, ಸಮತಲದ ಯಂತ್ರ

ಸೂಪಾ ಸೀಮೆಯ ಭೂಮಿಯು ಹುಲ್ಲುಹಾಸಿಗೆಂದು ಹುಟ್ಟಿದ್ದಲ್ಲ. ಡಿಗ್ಗಿಯ ಕಡೆಯ ಘಟ್ಟದಲ್ಲಿ ಉಗಮಿಸಿದ ಕಾಳೀನದಿಯು ಕಣಿವೆಗಳನ್ನು ಬಳಸಿಕೊಂಡು ಬಂದು, ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟಿಗೆ ತಡೆದು ನಿಂತು, ಪಾಂಡ್ರಿ ನದಿಯ ಸಂಗಮದಲ್ಲಿದ್ದ ಹಳೆಯ ಸೂಪಾ ಪೇಟೆಯನ್ನು ಮುಳುಗಿಸಿದ ಬಳಿಕ ತಾಲ್ಲೂಕಿನ ಆಡಳಿತವೆಲ್ಲ ಜೋಯಿಡಾಕ್ಕೆ ಸರಿಯಿತು. ಕಾಲಾಂತರದಲ್ಲಿ, ನದಿಯ ಜಲಕ್ರೀಡೆಗೂ ಹುಲಿಯ ಕಾಡಿಗೂ ಮನಸೋತು ಬರುವ ಪ್ರವಾಸಿಗರಿಗಾಗಿ ಹೋಮ್‌ಸ್ಟೇಗಳೂ ರೆಸಾರ್ಟುಗಳೂ ಗುಡ್ಡದ ಮಗ್ಗುಲುಗಳಲ್ಲಿ ತಲೆಯೆತ್ತಿದವು. ಇಲ್ಲಿಯ ಹಳೆಯ ಮನೆಗಳಿಗೆ ಸೆಗಣಿ ಸಾರಿಸಿದ ಅಂಗಳವುಂಟು, ಹಿತ್ತಿಲುಂಟು, ಅದರಾಚೆಗೆ ದನ ಮೇಯುವ, ಕರಡ ಕೊಯ್ಯುವ ಬ್ಯಾಣವುಂಟು. ಕೇವಲ ನೋಡುವ ಸಲುವಾಗಿ ಬೆಳೆಸಿ, ಬೆಳೆದೊಡನೆ ಕತ್ತರಿಸಿ ಎಸೆಯುವ ಹುಲ್ಲು ಮಾತ್ರ ಇರಲಿಲ್ಲ. ಲಾನ್ ಎಂಬ ಆ ನೂತನ ವಸ್ತುವು ಅತಿಥಿಗಳ ಜೊತೆಯಲ್ಲಿ ಬಂದಿತು, ಮತ್ತು ಅದನ್ನು ಕತ್ತರಿಸುವವರು ಯಾರು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬಂದಿತು.

ಆಳುಗಳು ಸಿಗದ ಈ ಕಾಲದಲ್ಲಿ, ಅಮೆರಿಕದ ಗೃಹಸ್ಥನು ಮೆತ್ತನೆಯ ಆಸನದಲ್ಲಿ ಕುಳಿತು ಎರಡು ಸನ್ನೆಗಳನ್ನು ಹಿಂದೆಮುಂದೆ ಆಡಿಸುತ್ತ ಎಕರೆಗಟ್ಟಲೆ ಹುಲ್ಲನ್ನು ಕ್ಷಣಾರ್ಧದಲ್ಲೆಂಬಂತೆ ಸಮಗೊಳಿಸುವ ದೃಶ್ಯವನ್ನು ಮೊಬೈಲಿನಲ್ಲಿ ಕಂಡವನಿಗೆ, ತನಗೂ ಅಂಥದೊಂದು ಝೀರೋ ಟರ್ನ್ ಮೋವರ್ ಇದ್ದರೆ ಎಂಬ ಆಸೆ ಹುಟ್ಟುವುದು ಸಹಜವೇ. ಆಸೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಯಂತ್ರವು ಯಾವ ಭೂಮಿಗಾಗಿ ರೂಪುಗೊಂಡಿತೆಂಬುದನ್ನು ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು.

ಹುಲ್ಲು ಕತ್ತರಿಸುವ ಯಂತ್ರದ ಮೂಲಪುರುಷನು ಎಡ್ವಿನ್ ಬಡ್ಡಿಂಗ್ ಎಂಬ ಇಂಗ್ಲಿಷ್ ಕುಶಲಕರ್ಮಿ. ಉಣ್ಣೆಯ ಬಟ್ಟೆಯ ಮೇಲಿನ ನವಿರನ್ನು ಸವರುವ ಗಿರಣಿಯ ಸುರುಳಿಯಲಗನ್ನು ಹುಲ್ಲಿನ ಮೇಲೆ ಓಡಿಸಬಹುದೆಂದು ಊಹಿಸಿ, 1830ರಲ್ಲಿ ಆತನು ಅದರ ಹಕ್ಕನ್ನು ಪಡೆದನು. ನಿಂತಲ್ಲಿಯೇ ತಿರುಗುವ ಯಂತ್ರವಾದರೋ 1960ರ ದಶಕದ ಪೂರ್ವಾರ್ಧದಲ್ಲಿ ಅಮೆರಿಕದ ಕಾನ್ಸಾಸ್ ಪ್ರಾಂತದ ಮೌಂಡ್‌ರಿಡ್ಜ್ ಊರಿನ ಜಾನ್ ರೆಜಿಯರ್ ಎಂಬುವನ ಸೃಷ್ಟಿ. ಕಾನ್ಸಾಸ್ ಗೋದಿ ಬೆಳೆಯುವ ಬಯಲುಸೀಮೆ ಎಂಬುದನ್ನು ಇಲ್ಲಿ ಮರೆಯಲಾಗದು. ಯಂತ್ರದ ಹಿಂದಿನ ಎರಡು ಗಾಲಿಗಳಿಗೂ ಪ್ರತ್ಯೇಕವಾದ ಪಂಪೂ ಮೋಟಾರೂ ಇದ್ದು, ಎಣ್ಣೆಯ ಒತ್ತಡದಿಂದ ಅವು ತಿರುಗುತ್ತವೆ. ನೇಗಿಲಿನ ಸಾಲು ತಿರುವುವಾಗ ಒಳಮಗ್ಗುಲಿನ ಎತ್ತನ್ನು ನಿಲ್ಲಿಸಿ ಹೊರಮಗ್ಗುಲಿನದನ್ನು ನಡೆಸುವ ಹಾಗೆ, ಒಂದು ಸನ್ನೆಯನ್ನು ತಡೆದು ಇನ್ನೊಂದನ್ನು ಮುಂದಕ್ಕೆ ಒತ್ತಿದರೆ ಯಂತ್ರವು ಹೊರಳುತ್ತದೆ, ಒಂದನ್ನು ಹಿಂದಕ್ಕೂ ಒಂದನ್ನು ಮುಂದಕ್ಕೂ ಒತ್ತಿದರೆ ನಿಂತಲ್ಲೇ ಗಿರ್ರನೆ ಸುತ್ತುತ್ತದೆ. ಗಿಡದ ಬುಡ, ಪಾತಿಯ ಅಂಚು, ಕಂಬದ ಸುತ್ತು ಮುಂತಾದೆಡೆಗಳಲ್ಲಿ ಈ ಚಮತ್ಕಾರಕ್ಕೆ ಸಾಟಿಯಿಲ್ಲ.

ಆದರೆ ಆ ಚಮತ್ಕಾರದಲ್ಲಿಯೇ ಅಪಾಯವೂ ಅಡಗಿದೆ. ಬಹುಪಾಲು ಮಾದರಿಗಳಲ್ಲಿ ಮುಂದಿನ ಎರಡು ಗಾಲಿಗಳು ತಮ್ಮಷ್ಟಕ್ಕೆ ಎತ್ತ ಬೇಕಾದರೂ ಹೊರಳುವ ನಿರ್ವೀರ್ಯ ಗಾಲಿಗಳು. ದಿಕ್ಕು ತೋರಿಸುವುದೂ, ವೇಗ ಕೊಡುವುದೂ, ತಡೆದು ನಿಲ್ಲಿಸುವುದೂ ಹಿಂದಿನ ಗಾಲಿಗಳ ಹಿಡಿತವೊಂದನ್ನೇ ಅವಲಂಬಿಸಿದೆ. ಇಳಿಜಾರಿನಲ್ಲಿ ಕೆಳಮುಖವಾಗಿ ಬರುವಾಗ ಭಾರವೆಲ್ಲ ಮುಂದಕ್ಕೆ ವಾಲಿ, ಹಿಂದಿನ ಗಾಲಿಯೊಂದು ಒದ್ದೆ ಹುಲ್ಲಿನ ಮೇಲೆ ಜಾರಿತೆಂದರೆ, ಚುಕ್ಕಾಣಿಯೂ ಬ್ರೇಕೂ ಒಂದೇ ಗಳಿಗೆಯಲ್ಲಿ ಕೈಬಿಡುತ್ತವೆ. ಮುನ್ನೂರು ಕಿಲೋ ಆಸುಪಾಸಿನ ಕಬ್ಬಿಣವು ಸವಾರನ ಸಮೇತ ಧರೆಯ ಅಂಚಿಗೋ ಕೆರೆಯ ದಂಡೆಗೋ ಹೊರಟುಬಿಡುತ್ತದೆ. ಈ ಕಾರಣದಿಂದಲೇ ತಯಾರಕರು ಸಾಮಾನ್ಯವಾಗಿ 15 ಡಿಗ್ರಿಗಿಂತ ಕಡಿದಾದ ಜಾಗದಲ್ಲಿ ಇದನ್ನು ನಡೆಸಕೂಡದೆಂದು ಎಚ್ಚರಿಸುತ್ತಾರೆ. ಕೆಲವರು 10 ಡಿಗ್ರಿಗೇ ಗೆರೆ ಎಳೆಯುವುದುಂಟು. ಮಗುಚಿದಾಗ ಸವಾರನನ್ನು ಕಾಯಲು ಬೆನ್ನ ಹಿಂದೆ ಕಮಾನಿನಂಥ ಕಬ್ಬಿಣದ ಸರಳೊಂದಿರುತ್ತದೆ. ಅದು ನಿಂತಿರುವಾಗ ಸೀಟ್ ಬೆಲ್ಟ್ ಬಿಗಿದಿರಬೇಕು, ಮಡಿಸಿಟ್ಟಿರುವಾಗ ಬೆಲ್ಟ್ ಕಟ್ಟಬಾರದು. ಈ ಎರಡನೆಯ ಮಾತನ್ನು ಮಾರುವವರು ಹೇಳುವುದು ಅಪರೂಪ.

15 ಡಿಗ್ರಿ ಎಂದರೆ ಎಷ್ಟೆಂದು ಕಣ್ಣಳತೆಯಿಂದ ತಿಳಿಯದು. ಮಲೆನಾಡಿನವರ ಕಣ್ಣಂತೂ ಗುಡ್ಡಗಳಿಗೆ ಒಗ್ಗಿಹೋಗಿ, ಇಳಿಜಾರನ್ನೇ ಬಯಲೆಂದು ಭಾವಿಸುತ್ತದೆ. ಇಳಿಜಾರಿನ ಮೇಲ್ಗಡೆ ಒಂದು ಗೂಟ ನೆಟ್ಟು, ಅದರ ಬುಡಕ್ಕೆ ದಾರ ಕಟ್ಟಿ, ಗಾರೆಯವರ ರಸಮಟ್ಟವನ್ನಿಟ್ಟು ಹತ್ತು ಅಡಿ ದೂರಕ್ಕೆ ದಾರವನ್ನು ಸಮವಾಗಿ ಎಳೆದು, ಆ ತುದಿಯಿಂದ ನೆಲಕ್ಕೆ ಎಷ್ಟು ಅಂತರವಿದೆಯೆಂದು ಅಳೆದರಾಯಿತು. ಅದು ಎರಡು ಅಡಿ ಎಂಟು ಇಂಚನ್ನು ಮೀರಿದರೆ, ಆ ಜಾಗವು ಸವಾರಿಯ ಯಂತ್ರಕ್ಕೆ ಸಲ್ಲದು.

ಇದಾದರೂ ಅಳತೆಯ ಮಾತು. ಸೂಪಾ ಸೀಮೆಯಲ್ಲಿ ಇದಕ್ಕಿಂತ ಗಹನವಾದ ತೊಡಕೊಂದಿದೆ, ಅದು ಋತುವಿನದು. ಕ್ಯಾಸಲ್‌ರಾಕ್, ಅಣಶಿಗಳ ಕಡೆ ಜ್ಯೇಷ್ಠದಿಂದ ಭಾದ್ರಪದದವರೆಗೆ ಮಳೆಯು ದಿನಗಟ್ಟಲೆ ಬಿಡುವಿಲ್ಲದೆ ಹೊಯ್ಯುವಾಗ ಹುಲ್ಲು ನೋಡನೋಡುತ್ತ ಮೊಣಕಾಲಿಗೆ ಬರುತ್ತದೆ. ಅದೇ ಕಾಲದಲ್ಲಿ ನೆಲವು ಹದಗೆಟ್ಟು, ಕಾಲಿಟ್ಟಲ್ಲಿ ಹೂತು, ಗಾಲಿ ಇಟ್ಟಲ್ಲಿ ಜಾರಿ, ಕತ್ತರಿಸಿದ ಹಸಿಹುಲ್ಲು ಅಲಗಿನ ಮೇಲ್ಚಿಪ್ಪಿನ ಒಳಗೆ ಅಂಟಿಕೊಂಡು ಯಂತ್ರವನ್ನು ಉಸಿರುಕಟ್ಟಿಸುತ್ತದೆ. ಮಾಗಿಯ ಹೊತ್ತಿಗೆ ನೆಲ ಗಟ್ಟಿಯಾಗಿ ಯಂತ್ರವು ಸುಖವಾಗಿ ಓಡಬಲ್ಲುದಾದರೆ, ಕತ್ತರಿಸಲು ಹುಲ್ಲೇ ಇರುವುದಿಲ್ಲ. ಸ್ಪ್ರಿಂಕ್ಲರ್ ಹಾಕಿ ನೀರುಣಿಸಿದ ತುಂಡುನೆಲದಲ್ಲಿ ಮಾತ್ರ ಹಸಿರುಳಿಯುತ್ತದೆ. ಹುಲ್ಲು ಬೆಳೆಯುವಾಗ ಯಂತ್ರ ಇಳಿಯಲಾರದು, ಯಂತ್ರ ಇಳಿಯುವಾಗ ಹುಲ್ಲು ಬೆಳೆಯಲಾರದು: ಲಕ್ಷಗಟ್ಟಲೆ ಹಣ ಸುರಿಯುವವನು ಲೆಕ್ಕ ಹಾಕಬೇಕಾದ್ದು ಇದನ್ನು.

ನೆಲದ ಒರಟುತನವನ್ನೂ ಹೇಳಬೇಕು. ಅಲ್ಲಲ್ಲಿ ತಲೆಯೆತ್ತಿದ ಕಲ್ಲು, ಗೆದ್ದಲಿನ ಹುತ್ತ, ಕಡಿದ ಮರದ ಬೊಡ್ಡೆ, ಮತ್ತು ರಾತ್ರಿಯಲ್ಲಿ ಬಂದು ಗೆಡ್ಡೆಗಾಗಿ ನೆಲವನ್ನು ಉತ್ತುಹೋಗುವ ಕಾಡುಹಂದಿಯ ಗುಣಿ, ಇವೆಲ್ಲವೂ ಹುಲ್ಲಿನ ಮರೆಯಲ್ಲಿರುತ್ತವೆ. ಇಂಥ ಯಂತ್ರದ ಅಲಗಿನ ತುದಿಯು ಗಂಟೆಗೆ 300 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಸುತ್ತುತ್ತಿರುವುದರಿಂದ, ನೆಲ್ಲಿಕಾಯಿ ಗಾತ್ರದ ಕಲ್ಲು ಸಿಕ್ಕರೂ ಅದು ಗುಂಡಿನಂತೆ ಚಿಮ್ಮುತ್ತದೆ.

ಆದ್ದರಿಂದಲೇ ಈ ಸೀಮೆಯ ತೋಟಿಗರು ಬಹುಕಾಲದ ಹುಲ್ಲುಗತ್ತಿಯಿಂದ ನೇರವಾಗಿ ಹೆಗಲಿಗೆ ತೂಗುಹಾಕುವ ಕಳೆ ಕೊಚ್ಚುವ ಮಷಿನ್ನಿಗೆ ನೆಗೆದುದು ನನಗೆ ವಿವೇಕವೆಂದೇ ತೋರುತ್ತದೆ. ಗಾಲಿಯಿಲ್ಲದ ಈ ಯಂತ್ರಕ್ಕೆ ಮನುಷ್ಯನ ಕಾಲೇ ಗಾಲಿ. ಮೆತ್ತನೆಯ ಹುಲ್ಲಿಗೆ ನೈಲಾನ್ ದಾರ, ಕಮ್ಯುನಿಸ್ಟ್ ಗಿಡ, ಲಂಟಾನಗಳಂಥ ಕಡ್ಡಿಗೆ ಲೋಹದ ಬ್ಲೇಡು. ಬಲ್ಲವನು ಇಳಿಜಾರಿನ ಬುಡದಿಂದ ಆರಂಭಿಸಿ, ಅಡ್ಡಲಾಗಿ ಒಂದು ಪಟ್ಟಿ ಕೊಯ್ದು, ಕೊಯ್ದ ದಾರಿಯಲ್ಲೇ ಹಿಂದಿರುಗಿ, ಅದರ ಮೇಲಿನ ಪಟ್ಟಿಗೆ ಏರುತ್ತಾನೆ. ಎಡಮಗ್ಗುಲು ತಗ್ಗಿನ ಕಡೆಗಿರುವಂತೆ ನಡೆದು ಬಲದಿಂದ ಎಡಕ್ಕೆ ಬೀಸುವುದರಿಂದ, ಬಿದ್ದ ಹುಲ್ಲೆಲ್ಲ ಕೆಳಗಣ ಬೋಳುಪಟ್ಟಿಯ ಮೇಲೆ ಒರಗುತ್ತದೆ, ಮುಂದಿನ ಹೆಜ್ಜೆಗೆ ಅಡ್ಡಬಾರದು. ಎರಡು ಸ್ಟ್ರೋಕಿನ ಎಂಜಿನ್ನಾದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಯಂತ್ರಕ್ಕೆ ತಕ್ಕಂತೆ ಲೀಟರಿಗೆ 20 ಮಿಲಿಲೀಟರೋ 40 ಮಿಲಿಲೀಟರೋ. ಈ ಅಳತೆಯನ್ನು ಅಂದಾಜಿನಲ್ಲಿ ಸುರಿದ ಮಷಿನ್ನುಗಳೇ ರಿಪೇರಿ ಅಂಗಡಿಯವನ ಹೊಟ್ಟೆ ಹೊರೆಯುತ್ತವೆ. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು, ಸುತ್ತ 15 ಮೀಟರಿನೊಳಗೆ ಯಾರೂ ಇಲ್ಲದಿರುವುದು, ಇವಿಷ್ಟು ಇರಲೇಬೇಕು. ಉಂಬಳದ ಕಾಟಕ್ಕೂ ಬೂಟೇ ಮದ್ದು.

ಇಳಿಜಾರೆಲ್ಲವೂ ಬೋಳಾಗಬೇಕೆಂಬ ಹಟವನ್ನೇ ಬಿಡುವುದು ಇನ್ನೂ ಅಗ್ಗದ ಉಪಾಯ. ಬುಡದವರೆಗೆ ಸವರಿದ ಧರೆಯು ಆಷಾಢದ ಮಳೆಗೆ ಕುಸಿಯುತ್ತದೆ. ಅಲ್ಲಿ ಲಾವಂಚದ ಸಾಲು ಹಾಕಿದರೆ ಬೇರು ಮಣ್ಣನ್ನು ಹಿಡಿದೀತು, ಕತ್ತರಿಸುವ ಗೋಜೂ ತಪ್ಪೀತು. ಕಡಿದಾದ ಭಾಗವನ್ನು ಹಿಂದಿನಂತೆ ಬ್ಯಾಣವಾಗಿಯೇ ಬಿಟ್ಟು, ಗಿಡ್ಡ ತಳಿಯ ದನಗಳಿಗೋ, ಧನಗರ ಗೌಳಿಗಳ ಎಮ್ಮೆಗಳಿಗೋ ಒಪ್ಪಿಸಿದರೆ ಅವು ಯಾವ ಡಿಗ್ರಿಯ ಲೆಕ್ಕವನ್ನೂ ಕೇಳುವುದಿಲ್ಲ. ಅತಿಥಿಗಳು ಕೂರುವ ಮನೆಯ ಮುಂದಿನ ತುಣುಕಿಗಷ್ಟೇ ಗರಿಕೆ ಹಾಕಿದರೆ, ಕೈಯಿಂದ ತಳ್ಳುವ ಸಣ್ಣ ಮೋವರೇ ಧಾರಾಳವಾಯಿತು. ತಳ್ಳುವ ಯಂತ್ರವನ್ನು ಇಳಿಜಾರಿಗೆ ಅಡ್ಡಲಾಗಿ ನಡೆಸಬೇಕು, ಕಾಲು ಜಾರಿದರೂ ಅದು ಮೈಮೇಲೆ ಬರಬಾರದಷ್ಟೆ.

ಹಾಗೆಂದು ಝೀರೋ ಟರ್ನ್ ಯಂತ್ರಕ್ಕೆ ಈ ಪ್ರಾಂತದಲ್ಲಿ ಎಡೆಯೇ ಇಲ್ಲವೆನ್ನಲಾರೆ. ಜೋಯಿಡಾದಿಂದ ಪೂರ್ವಕ್ಕೆ ಸರಿದಂತೆ ಗುಡ್ಡಗಳು ತಗ್ಗಿ, ಮಳೆಯೂ ಇಳಿದು, ಹಳಿಯಾಳದ ಕಬ್ಬಿನ ಹೊಲಗಳೂ ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟಿನವರ ಕಾಲೊನಿಯ ಗೋವಿನಜೋಳದ ಹೊಲಗಳೂ ಟ್ರಾಕ್ಟರಿಗೆ ಒಡ್ಡಿಕೊಂಡ ವಿಶಾಲ ನೆಲವಾಗುತ್ತವೆ. ಅಂಥಲ್ಲಿ ಮೂರುನಾಲ್ಕು ಎಕರೆ ಸಮನಾದ ಆಟದ ಬಯಲೋ ಶಾಲೆಯ ಮೈದಾನವೋ ಇದ್ದು, ಬೆಲ್ಟು, ಫಿಲ್ಟರುಗಳನ್ನು ಹುಬ್ಬಳ್ಳಿಯಿಂದಲೋ ಇನ್ನೂ ದೂರದಿಂದಲೋ ತರಿಸುವ ತಾಳ್ಮೆಯಿದ್ದರೆ, ಯಂತ್ರವು ತನ್ನ ಬೆಲೆಯನ್ನು ತೀರಿಸೀತು. ಗುಡ್ಡದವನು ಕೊಳ್ಳಲೇಬೇಕೆಂದು ಮನಸ್ಸು ಮಾಡಿದರೆ ಮಾತ್ರ ಮಾರುವವನಿಗೆ ಒಂದು ಕರಾರು ಹಾಕಲಿ: ಯಂತ್ರವನ್ನು ಓಡಿಸಿ ತೋರಿಸುವ ದಿನವನ್ನು ಮಾಘದ ಬಿಸಿಲಿನಲ್ಲಿ ಗೊತ್ತುಮಾಡದೆ, ಆಷಾಢದ ಒಂದು ಮಧ್ಯಾಹ್ನಕ್ಕೆ, ತನ್ನದೇ ಹಿತ್ತಿಲಿನಲ್ಲಿ, ಮಾರುವವನನ್ನೇ ಆಸನದ ಮೇಲೆ ಕೂರಿಸಿ ನೋಡಲಿ.