ಮೊದಲ ಮನಿಗೆ ಸರ್ಕಾರದ ರೊಕ್ಕ

ಹಿರೇಹಂದಿಗೋಳದಾಗ ಮಣ್ಣಿನ ಗ್ವಾಡಿ ಮನ್ಯಾಗ ಇರೋ ಅಕ್ಕಾರ, ಅಣ್ಣಾರ, ಇದು ನಿಮಗಾಗಿ.

ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಾಗ ಪಕ್ಕಾ ಮನಿ ಕಟ್ಟಾಕ 1.20 ಲಕ್ಷ ರೂಪಾಯಿ ಸಹಾಯಧನ ಐತಿ. ಇದು ಸಾಲ ಅಲ್ರಿ, ತಿರುಗಿ ಕಟ್ಟೋದಿಲ್ಲ. ಆದ್ರ ಒಮ್ಮೆಲೇ ಕೈಗೆ ಬರಂಗಿಲ್ಲ. ಪಾಯ, ಗ್ವಾಡಿ, ಛತ್ತು ಅಂತ ಕೆಲಸ ಏರಿದಂಗ ಜಿಪಿಎಸ್ ಫೋಟೋ ತಗೀತಾರ, ಕಂತು ನೇರ ಬ್ಯಾಂಕ್ ಖಾತೆಗೆ ಬೀಳ್ತೈತಿ. ಅಡಗಿಮನಿ ಸೇರಿ 25 ಚದರ ಮೀಟರ್ ಇದ್ರ ಸಾಕು. ದೊಡ್ಡ ಮನಿ ಆಸೆಗೆ ಬಡ್ಡಿ ಸಾಲ ಮಾಡಿ, ಅರ್ಧಕ್ಕ ನಿಲ್ಲಿಸಬ್ಯಾಡ್ರಿ.

ಫಲಾನುಭವಿಗಳ ಪಟ್ಟಿ ಗ್ರಾಮಸಭೆ ಮುಂದ ಬರ್ತೈತಿ. ಅವತ್ತು ಹೊಲದ ಕೆಲಸ ಬಿಟ್ಟಾದ್ರೂ ಬರ್ರಿ, ಕೇಳೋದು ನಿಮ್ಮ ಹಕ್ಕು.

ಗದಗ-ಬೆಟಗೇರಿಯಾಗ ಸಾಲ ತಗೊಂಡು ಮನಿ ಕೊಳ್ಳೋರಿಗೆ 2024ರಾಗ ಶುರುವಾದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆ 2.0 ಐತಿ. ಮನೆತನದ ವರ್ಷದ ಆದಾಯ 9 ಲಕ್ಷ, ಸಾಲ 25 ಲಕ್ಷ, ಮನಿ ಬೆಲೆ 35 ಲಕ್ಷ ದಾಟಬಾರ್ದು. ಮೊದಲ 8 ಲಕ್ಷ ಸಾಲಕ್ಕ ಶೇ 4 ಬಡ್ಡಿ ಸಹಾಯಧನ, ಒಟ್ಟು 1.80 ಲಕ್ಷದ ತನಕ, 5 ವಾರ್ಷಿಕ ಕಂತಿನ್ಯಾಗ.

ಎರಡಕ್ಕೂ ಒಂದ ಷರತ್ತು: ದೇಶದಾಗ ಎಲ್ಲೂ ನಿಮ್ಮ ಮನೆತನಕ್ಕ ಪಕ್ಕಾ ಮನಿ ಇರಬಾರ್ದು. ಹಳ್ಯಾಗ ಕಟ್ಟೋರು ಮೊದಲ ಪಂಚಾಯ್ತಿಗೆ ಹೋಗಿ, ಜಾಗದ ಇ-ಸ್ವತ್ತು ಉತಾರದಾಗ ಹೆಸರು ಸರಿ ಐತೇನು ನೋಡಿಸ್ರಿ.